ಕೋಟೆನಾಡಿನಲ್ಲಿ ಕೂತು ಟ್ರೌಟ್ ಫ್ಲೈ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಳದ ಕೊಕ್ಕೆಗೆ ಗರಿ, ರೇಷ್ಮೆ, ಉಣ್ಣೆ ಸುತ್ತಿ ಹುಳುವಿನ ರೂಪ ಕೊಡುವ ಕೆಲಸಕ್ಕೆ ಫ್ಲೈ ಕಟ್ಟುವುದು ಅನ್ನುತ್ತಾರೆ. ನಾನಿರುವುದು ಚಿತ್ರದುರ್ಗದಲ್ಲಿ. ದಾವಣಗೆರೆಗೂ ಆಗಾಗ ಹೋಗಿ ಬರುತ್ತೇನೆ. ನನ್ನ ಫ್ಲೈ ಡಬ್ಬಿ ನೋಡಿದವರು ಎರಡೂ ಕಡೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ನಮ್ಮ ಕಡೆ ಟ್ರೌಟ್ ಮೀನೇ ಇಲ್ಲವಲ್ಲ, ಮತ್ತೆ ಇದು ಯಾಕೆ?

ನಿಜ, ಇಲ್ಲ. ಟ್ರೌಟ್‌ಗೆ ತಣ್ಣಗಿನ, ಹರಿಯುವ ನೀರು ಬೇಕು. ನೀರಿನ ಬಿಸಿ 20 ಡಿಗ್ರಿ ದಾಟಿತು ಅಂದರೆ ಅದಕ್ಕೆ ಕಷ್ಟ ಶುರು. ವೇದಾವತಿ, ತುಂಗಭದ್ರಾ, ಸೂಳೆಕೆರೆ ಯಾವುದರಲ್ಲೂ ಅದು ಬದುಕುವುದಿಲ್ಲ. ನಮ್ಮ ದೇಶದಲ್ಲಿ ಟ್ರೌಟ್ ಇರುವುದು ಕಾಶ್ಮೀರ, ಹಿಮಾಚಲದಂಥ ಕಡೆ. ದಕ್ಷಿಣದಲ್ಲಿ ನೀಲಗಿರಿ ಮತ್ತು ಮುನ್ನಾರ್ ಬೆಟ್ಟಗಳಲ್ಲಿದೆ. ಎಲ್ಲವೂ ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಟ್ಟವು.

ಆದರೆ ಕಟ್ಟುವುದು ಅದರ ಪಾಡಿಗೆ ಅದೇ ಒಂದು ಪೂರ್ತಿ ಹವ್ಯಾಸ. ಒಂದೊಂದು ಹಳೆಯ ಪ್ಯಾಟರ್ನ್ ಹಿಂದೆಯೂ ಒಬ್ಬ ಮನುಷ್ಯ, ಒಂದು ನದಿ, ಒಂದು ಹುಳು ಇರುತ್ತದೆ. ಅವರು ಕಟ್ಟಿದ್ದನ್ನು ಅವರ ಅಳತೆಯಲ್ಲೇ ಮತ್ತೆ ಕಟ್ಟಿದಾಗ, ಅವರು ಯಾಕೆ ಹಾಗೆ ಮಾಡಿದರು ಅನ್ನುವುದು ಕೈಗೇ ಗೊತ್ತಾಗುತ್ತದೆ. ಕಟ್ಟಿದ್ದನ್ನು ನೀರಿಗೆ ಹಾಕದೆ ಚೌಕಟ್ಟಿನಲ್ಲಿ ಇಡುವವರು ಪ್ರಪಂಚದಲ್ಲಿ ತುಂಬಾ ಜನ ಇದ್ದಾರೆ.

ಕ್ಲಾಸಿಕ್ ಪ್ಯಾಟರ್ನ್ ಅಂದರೆ ಯಾವುವು?

ಸುಮಾರು 1,800 ವರ್ಷಗಳ ಹಿಂದೆ ಏಲಿಯನ್ ಎಂಬ ರೋಮನ್ ಲೇಖಕ ಮ್ಯಾಸಿಡೋನಿಯಾದ ಜನ ಮೀನು ಹಿಡಿಯುವ ರೀತಿ ಬರೆದಿಟ್ಟಿದ್ದಾನೆ. ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಅದರ ಮೇಲೆ ಹುಂಜದ ಎರಡು ಗರಿ ಕಟ್ಟುತ್ತಿದ್ದರಂತೆ. ಉಣ್ಣೆ, ಹುಂಜದ ಗರಿ. ಚಳ್ಳಕೆರೆ ಸಂತೆಯಲ್ಲಿ ಇವತ್ತೂ ಎರಡೂ ಸಿಗುತ್ತವೆ.

ಈಗ ನಾವು ಕ್ಲಾಸಿಕ್ ಅನ್ನುವವು ಹೆಚ್ಚಾಗಿ 19ನೇ ಶತಮಾನ ಮತ್ತು 20ರ ಮೊದಲ ಭಾಗದವು. ಗ್ರೀನ್‌ವೆಲ್ಸ್ ಗ್ಲೋರಿ 1854ರದ್ದು. ಸ್ಕಾಟ್ಲೆಂಡಿನ ಟ್ವೀಡ್ ನದಿಗಾಗಿ ಪಾದ್ರಿ ವಿಲಿಯಂ ಗ್ರೀನ್‌ವೆಲ್ ಕೇಳಿದ್ದಕ್ಕೆ ಜೇಮ್ಸ್ ರೈಟ್ ಕಟ್ಟಿಕೊಟ್ಟದ್ದು. ಆಡಮ್ಸ್ 1922ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಲೆನ್ ಹ್ಯಾಲಡೇ ಕಟ್ಟಿದ್ದು. ಕ್ವಿಲ್ ಗಾರ್ಡನ್ ನ್ಯೂಯಾರ್ಕ್‌ನ ಕ್ಯಾಟ್‌ಸ್ಕಿಲ್ ಬೆಟ್ಟಗಳ ಥಿಯೋಡರ್ ಗಾರ್ಡನ್ ಅವರದು. ಇಂಗ್ಲೆಂಡಿನಲ್ಲಿ ತೇಲುವ ಫ್ಲೈಗಳ ದೊಡ್ಡ ಗುರು ಅನ್ನಿಸಿಕೊಂಡಿದ್ದ ಫ್ರೆಡರಿಕ್ ಹಾಲ್ಫರ್ಡ್ 1890ರಲ್ಲಿ ಗಾರ್ಡನ್‌ಗೆ ತನ್ನ ಫ್ಲೈಗಳನ್ನು ಅಂಚೆಯಲ್ಲಿ ಕಳಿಸಿದ. ಗಾರ್ಡನ್ ಅವನ್ನು ನೋಡಿ ಕಲಿತು, ತನ್ನ ಊರಿನ ಹುಳುಗಳಿಗೆ ತಕ್ಕಂತೆ ಬದಲಿಸಿಕೊಂಡ. ನಾವು ಇಲ್ಲಿ ಕೂತು ಮಾಡುತ್ತಿರುವುದೂ ಅದನ್ನೇ.

ಶುರು ಮಾಡಲು ಏನೇನು ಬೇಕು?

ಕೊಕ್ಕೆ ಹಿಡಿಯುವ ಒಂದು ವೈಸ್, ದಾರದ ಉರುಳೆ ಹಿಡಿಯುವ ಬಾಬಿನ್, ಚೂಪು ತುದಿಯ ಸಣ್ಣ ಕತ್ತರಿ, ಗರಿ ಹಿಡಿಯುವ ಚಿಮುಟ, ಒಂದು ದಪ್ಪ ಸೂಜಿ. ಗಂಟು ಹಾಕಲು ವಿಪ್ ಫಿನಿಷರ್ ಇದ್ದರೆ ಒಳ್ಳೆಯದು, ಆದರೆ ಬೆರಳಲ್ಲೇ ಹಾಕಲು ಕಲಿತರೆ ಅದೂ ಬೇಡ. ವೈಸ್ ಒಂದಕ್ಕೆ ಮಾತ್ರ ದುಡ್ಡು ಉಳಿಸಬೇಡಿ. ಕೊಕ್ಕೆ ಜಾರಿದರೆ ಏನೂ ಕಲಿಯಲಾಗುವುದಿಲ್ಲ. ಕತ್ತರಿ, ಚಿಮುಟಗಳನ್ನು ಅಕ್ಕಸಾಲಿಗರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ನೋಡಿ. ಅಲ್ಲಿನವು ಗಟ್ಟಿ.

ಕೊಕ್ಕೆಯ ನಂಬರ್ ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು. 10 ಅಥವಾ 12ರಲ್ಲಿ ಶುರು ಮಾಡಿ, 14ಕ್ಕೆ ಬನ್ನಿ. 18, 20 ಆಮೇಲೆ.

ಮೊದಲು ಯಾವುದನ್ನು ಕಟ್ಟಲಿ?

ಉತ್ತರ ಇಂಗ್ಲೆಂಡಿನ ಸ್ಪೈಡರ್ ಎಂಬ ಸರಳ ಫ್ಲೈಗಳು. ಪಾರ್ಟ್ರಿಜ್ ಅಂಡ್ ಆರೆಂಜ್ ಅಂತ ಒಂದಿದೆ. ಕಿತ್ತಳೆ ಬಣ್ಣದ ರೇಷ್ಮೆ ಎಳೆಯ ಮೈ, ಮುಂದೆ ಒಂದು ಮೆತ್ತನೆಯ ಗರಿ, ಎರಡೇ ಸುತ್ತು. ಅಷ್ಟೇ. ನೋಡಲು ಏನೂ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ರೇಷ್ಮೆ ಸುತ್ತುಗಳು ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕ ಕೂರಬೇಕು, ತಲೆ ಸಾಸಿವೆಗಿಂತ ದೊಡ್ಡದಾಗಬಾರದು. ದಾರದ ಬಿಗಿ ಎಷ್ಟಿರಬೇಕು ಅನ್ನುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಫ್ಲೈ ಇನ್ನೊಂದಿಲ್ಲ.

ಪಾರ್ಟ್ರಿಜ್ (ಕೌಜುಗದ ಜಾತಿಯ ಹಕ್ಕಿ) ಗರಿಗೆ ಬದಲಾಗಿ ಸಾಕಿದ ಜಪಾನಿ ಕ್ವೇಲ್ ಹಕ್ಕಿಯ ಗರಿ ಚೆನ್ನಾಗಿ ಹೊಂದುತ್ತದೆ. ಅದೇ ಕಂದು ಮಚ್ಚೆ ಇರುತ್ತದೆ. ನಮ್ಮ ಕೌಜುಗದ ಗರಿ ಬೇಡ, ಅದು ಕಾಡುಹಕ್ಕಿ.

ಎರಡನೆಯದು ಫೆಸೆಂಟ್ ಟೇಲ್ ನಿಂಫ್. ಫೆಸೆಂಟ್ ಹಕ್ಕಿಯ ಬಾಲದ ಗರಿಯಿಂದ ಕಟ್ಟುವ, ನೀರೊಳಗಿನ ಮರಿಹುಳುವಿನ (ನಿಂಫ್) ರೂಪದ ಫ್ಲೈ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಅವರದು. ಅವರು ಇದಕ್ಕೆ ದಾರವನ್ನೇ ಬಳಸಲಿಲ್ಲ. ಸಣ್ಣ ತಾಮ್ರದ ತಂತಿಯಲ್ಲೇ ಕಟ್ಟಿದರು. ತಂತಿಯಿಂದ ಭಾರವೂ ಬಂತು, ಹೊಳಪೂ ಬಂತು. ಕಾಲುಗಳನ್ನೂ ಬಿಟ್ಟರು. ಈಜುವಾಗ ಆ ಮರಿಹುಳು ಕಾಲುಗಳನ್ನು ಮೈಗೆ ಅಂಟಿಸಿಕೊಳ್ಳುತ್ತದೆ ಎಂದು ನೀರಿನಲ್ಲಿ ನೋಡಿದ್ದರು. ಬೇಡದ್ದನ್ನು ಬಿಡುವ ಧೈರ್ಯ ಕಲಿಯಲು ಇದನ್ನು ಕಟ್ಟಬೇಕು. ನನಗೆ ಇಂದಿಗೂ ಎಲ್ಲಕ್ಕಿಂತ ಇಷ್ಟವಾದ ಫ್ಲೈ ಇದು.

ಆಮೇಲೆ ಹೇರ್ಸ್ ಇಯರ್, ಆಮೇಲೆ ಆಡಮ್ಸ್, ಆಮೇಲೆ ಕ್ವಿಲ್ ಗಾರ್ಡನ್, ರಾಯಲ್ ಕೋಚ್‌ಮನ್. ಇದೇ ಕ್ರಮದಲ್ಲಿ ಹೋಗಿ.

ನನ್ನ ಆಡಮ್ಸ್ ಚಿತ್ರದಲ್ಲಿರುವ ಹಾಗೆ ಬರುತ್ತಿಲ್ಲ. ಸಾಮಗ್ರಿ ಸರಿ ಇಲ್ಲವಾ?

ಸಾಮಾನ್ಯವಾಗಿ ಸಾಮಗ್ರಿಯ ತೊಂದರೆ ಅಲ್ಲ, ಅಳತೆಯದು. ತೇಲುವ ಫ್ಲೈಗೆ ಸಾಂಪ್ರದಾಯಿಕ ಲೆಕ್ಕ ಇದೆ. ಬಾಲದ ಉದ್ದ ಕೊಕ್ಕೆಯ ದಂಡಿಯಷ್ಟು. ರೆಕ್ಕೆಯ ಎತ್ತರವೂ ಅಷ್ಟೇ. ಹ್ಯಾಕಲ್ (ಮುಂಭಾಗದಲ್ಲಿ ಸುತ್ತುವ ಗರಿ) ಎಳೆಯ ಉದ್ದ ಕೊಕ್ಕೆಯ ಬಾಯಿಯ, ಅಂದರೆ ಮೊನೆಗೂ ದಂಡಿಗೂ ನಡುವಿನ ಅಂತರದ, ಒಂದೂವರೆಯಿಂದ ಎರಡು ಪಟ್ಟು. ರೆಕ್ಕೆ ಕೂರುವ ಜಾಗ ಕೊಕ್ಕೆಯ ಕಣ್ಣಿನಿಂದ ಹಿಂದಕ್ಕೆ ದಂಡಿಯ ಮೂರನೇ ಒಂದು ಭಾಗದ ಹತ್ತಿರ. ಕಣ್ಣಿನ ಹಿಂದೆ ತಲೆಗಾಗಿ ಒಂದಿಷ್ಟು ಜಾಗ ಖಾಲಿ ಬಿಡಬೇಕು. ಹೊಸಬರು ಎಲ್ಲರೂ ತುಂಬಿಸಿಬಿಡುವುದು ಈ ಜಾಗವನ್ನೇ.

ನಾನು ಎಲ್ಲರಿಗೂ ಹೇಳುವ ಮಾತು ಒಂದೇ: ಸಾಮಗ್ರಿ ಬದಲಿಸಿ, ಅಳತೆ ಬದಲಿಸಬೇಡಿ. ಆಡಮ್ಸ್ ಮೈಗೆ ಮಸ್ಕ್‌ರ‍್ಯಾಟ್ (ಅಮೆರಿಕದ ಒಂದು ನೀರಿಲಿ) ತುಪ್ಪಳ ಸಿಗದಿದ್ದರೆ ಬೂದು ಬಣ್ಣದ ಸಾಕು ಮೊಲದ ತುಪ್ಪಳ ಹಾಕಿ. ಅದು ಆಡಮ್ಸೇ. ಬಾಲ ಎರಡು ಪಟ್ಟು ಉದ್ದವಾದರೆ, ಅಮೆರಿಕದಿಂದಲೇ ತುಪ್ಪಳ ತರಿಸಿದ್ದರೂ ಅದು ಆಡಮ್ಸ್ ಆಗುವುದಿಲ್ಲ. ಕಟ್ಟುವ ಮೊದಲು ಬಾಲದ ಎಳೆಯನ್ನು ದಂಡಿಯ ಪಕ್ಕ ಹಿಡಿದು ಅಳೆಯಿರಿ. ಪ್ರತಿ ಸಲ. ಕಣ್ಣಳತೆ ಸಾಕು ಅನ್ನಿಸಿದ ಮೇಲೂ ಅಳೆಯಿರಿ.

ನಾಟಿ ಹುಂಜದ ಗರಿ ನಡೆಯುತ್ತದಾ?

ನಡೆಯುತ್ತದೆ. ಒಂದು ಕಾಲದಲ್ಲಿ ಪ್ರಪಂಚದ ಫ್ಲೈ ಕಟ್ಟುವವರು ಹೆಚ್ಚಾಗಿ ನೆಚ್ಚಿಕೊಂಡಿದ್ದು ಭಾರತ ಮತ್ತು ಚೀನಾದಿಂದ ಹೋಗುತ್ತಿದ್ದ ಹುಂಜದ ಕತ್ತಿನ ಗರಿಗಳನ್ನೇ. ಆಮೇಲೆ ಅಮೆರಿಕದವರು ಗರಿಗಾಗಿಯೇ ಕೋಳಿ ತಳಿ ಬೆಳೆಸಿದರು. ಕೊಲರಾಡೊದ ವೈಟಿಂಗ್ ಫಾರ್ಮ್ಸ್ ಹೆಸರು ಕೇಳಿರಬಹುದು. ಆ ಗರಿಗಳು ಉದ್ದ, ಎಳೆಗಳು ಗಿಡ್ಡ ಮತ್ತು ಬಿಗಿ. ಒಂದು ಗರಿಯಲ್ಲೇ ಕೆಲವು ಫ್ಲೈ ಕಟ್ಟಬಹುದು. ನಮ್ಮ ನಾಟಿ ಗರಿ ಗಿಡ್ಡ. ಒಂದು ಫ್ಲೈಗೆ ಎರಡು ಬೇಕಾಗುತ್ತದೆ. ಹಳೆಯ ಕಾಲದವರು ಎರಡನ್ನೇ ಸುತ್ತುತ್ತಿದ್ದರು, ಹಾಗಾಗಿ ಕ್ಲಾಸಿಕ್ ಕಟ್ಟುವವರಿಗೆ ಇದು ಕೊರತೆಯೇ ಅಲ್ಲ.

ಆರಿಸುವುದು ಹೇಗೆ? ಬ್ರಾಯ್ಲರ್ ಬೇಡವೇ ಬೇಡ. ಅದನ್ನು ಆರೇಳು ವಾರಕ್ಕೇ ಕೊಯ್ಯುತ್ತಾರೆ, ಗರಿ ಬಲಿತಿರುವುದಿಲ್ಲ. ಒಂದು ವರ್ಷ ದಾಟಿದ ನಾಟಿ ಹುಂಜ ಆಗಬೇಕು. ಹಬ್ಬ, ಜಾತ್ರೆಯ ದಿನಗಳಲ್ಲಿ ಪರಿಚಯದ ಕೋಳಿ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಕತ್ತಿನ ಚರ್ಮವನ್ನು ಗರಿ ಸಮೇತ ತೆಗೆದಿಡುತ್ತಾರೆ. ಗರಿಯನ್ನು ಬಾಗಿಸಿ ಎಳೆಗಳು ಬಿಚ್ಚಿಕೊಳ್ಳುವಂತೆ ಹಿಡಿಯಿರಿ. ತುದಿಯಿಂದ ತುಟಿ ಸವರಿದಾಗ ಚುಚ್ಚಿದರೆ ತೇಲುವ ಫ್ಲೈಗೆ ಸರಿ, ಮೆತ್ತಗೆ ಅನ್ನಿಸಿದರೆ ಮುಳುಗುವ ಫ್ಲೈಗೆ. ಈ ಪರೀಕ್ಷೆ ತೊಳೆದು ಒಣಗಿಸಿದ ಗರಿಗೆ ಮಾತ್ರ. ನಡು ಕಪ್ಪು, ಅಂಚು ಕೆಂಚು ಇರುವ ಗರಿ ನಮ್ಮ ಹುಂಜಗಳಲ್ಲಿ ಬೇಕಾದಷ್ಟು. ಗ್ರೀನ್‌ವೆಲ್ಸ್ ಗ್ಲೋರಿಗೆ ಬೇಕಾದ್ದು ಸರಿಯಾಗಿ ಇಂಥದ್ದೇ. ಆಡಮ್ಸ್‌ಗೆ ಬೇಕಾದ ಬೂದು-ಬಿಳಿ ಪಟ್ಟೆಯ ಹುಂಜ ಮಾತ್ರ ಅಪರೂಪ. ಕಂಡರೆ ಬಿಡಬೇಡಿ.

ಹಸಿ ಚರ್ಮವನ್ನು ಕೈಗವಸು ಹಾಕಿಕೊಂಡು ಮುಟ್ಟಿ. ಕೊಬ್ಬು ಕೆರೆದು, ಸೋಪಿನ ನೀರಲ್ಲಿ ಎರಡು ಸಲ ತೊಳೆದು, ಒಳಮೈಗೆ ಬೋರ್ಯಾಕ್ಸ್ ಸವರಿ, ನೆರಳಲ್ಲಿ ಒಣಗಿಸಿ. ಆಮೇಲೆ ಗಾಳಿ ಹೋಗದ ಕವರಿನಲ್ಲಿ ಒಂದು ವಾರ ಫ್ರೀಜರ್‌ನಲ್ಲಿಡಿ. ಮನೆಯವರನ್ನು ಒಂದು ಮಾತು ಕೇಳಿಯೇ ಇಡಿ.

ಇನ್ನೇನೇನು ಇಲ್ಲೇ ಸಿಗುತ್ತದೆ?

ಬೇರೆ ಊರಿನವರಿಗೆ ಸಿಗದಷ್ಟು ಸಿಗುತ್ತದೆ. ಹಳೆಯ ಫ್ಲೈಗಳೆಲ್ಲ ರೇಷ್ಮೆಯಲ್ಲೇ ಕಟ್ಟಿದವು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಹತ್ತಿರ ಉಳಿದ ತುಂಡು ಎಳೆಗಳು ಇರುತ್ತವೆ. ಬಣ್ಣ ಹಾಕಿದ, ಜಾಸ್ತಿ ಹುರಿ ಹಾಕದ ಎಳೆ ಕೇಳಿ. ಒಂದು ಎಳೆಯನ್ನು ಬಿಡಿಸಿ ಸಣ್ಣದು ಮಾಡಿಕೊಂಡರೆ ಮೈ ಸುತ್ತಲು ಅದಕ್ಕಿಂತ ಒಳ್ಳೆಯದು ಬೇಡ. ನೆನಪಿರಲಿ, ರೇಷ್ಮೆ ಒದ್ದೆಯಾದಾಗ ಬಣ್ಣ ಗಾಢವಾಗುತ್ತದೆ. ಬಣ್ಣ ಆರಿಸುವಾಗ ಒಂದು ತುಂಡನ್ನು ನೀರಲ್ಲಿ ಅದ್ದಿ ನೋಡಿ. ಅದೇ ನೇಕಾರರ ಹತ್ತಿರ ಸಿಗುವ ಜರಿ, ಚಿನ್ನದ ಬಣ್ಣದ ಟಿನ್ಸೆಲ್ (ಹೊಳೆಯುವ ತೆಳು ಎಳೆ) ಬದಲಿಗೆ ಆಗುತ್ತದೆ. ಮೈ ಮೇಲೆ ಓರೆಯಾಗಿ ನಾಲ್ಕೈದು ಸುತ್ತು ಸಾಕು.

ಗ್ರೀನ್‌ವೆಲ್ಸ್ ಗ್ಲೋರಿಯ ಮೈ ಹಳದಿ ರೇಷ್ಮೆ. ಆದರೆ ಅದಕ್ಕೆ ಚಮ್ಮಾರರ ಮೇಣ ಉಜ್ಜುತ್ತಾರೆ. ಆಗ ಹಳದಿ ಹೋಗಿ ಮಾಸಲು ಹಸಿರು ಬರುತ್ತದೆ. ಟ್ರೌಟ್ ತಿನ್ನುವ ಹುಳುವಿನ ಬಣ್ಣ ಅದು. ಬರೀ ಜೇನುಮೇಣದಿಂದ ಆ ಬಣ್ಣ ಬರುವುದಿಲ್ಲ. ಚಪ್ಪಲಿ ಹೊಲಿಯುವವರ ಹತ್ತಿರ ದಾರಕ್ಕೆ ಉಜ್ಜುವ ಕಪ್ಪು ಮೇಣ ಒಂದು ಚೂರು ಕೇಳಿ ನೋಡಿ.

ಸಾಯರ್ ಅವರ ತಾಮ್ರದ ತಂತಿಗೆ ಮೋಟಾರ್ ರೀವೈಂಡಿಂಗ್ ಅಂಗಡಿಗೆ ಹೋಗಿ. ಬೋರ್‌ವೆಲ್ ನಂಬಿದ ಜಿಲ್ಲೆ ನಮ್ಮದು, ಅಂಥ ಅಂಗಡಿ ಎಲ್ಲಿ ಬೇಕಾದರೂ ಇದೆ. ಪಂಪಿನ ತಂತಿ ದಪ್ಪವಾಯಿತು. 36 ಗೇಜ್ ತಂತಿ 0.19 ಮಿಲಿಮೀಟರ್ ಇರುತ್ತದೆ, ದೊಡ್ಡ ಕೊಕ್ಕೆಗೆ ಆದೀತು. 14, 16ಕ್ಕೆ 42 ಗೇಜ್ ಕೇಳಿ, ಅದು 0.1 ಮಿಲಿಮೀಟರ್. ಫೆಸೆಂಟ್ ಬಾಲಕ್ಕೆ ಬದಲಾಗಿ ಸಾಕಿದ ಕಂದು ಟರ್ಕಿ ಕೋಳಿಯ ಬಾಲದ ಎಳೆ ಹಾಕಿ. ಹೇರ್ಸ್ ಇಯರ್‌ಗೆ ಸಾಕು ಮೊಲದ ತುಪ್ಪಳಕ್ಕೆ ಸಣ್ಣಗೆ ಕತ್ತರಿಸಿದ ಗೋಣಿನಾರು ಬೆರೆಸಿ. ಆ ಒರಟುತನ ಬರುತ್ತದೆ.

ನವಿಲುಗರಿ, ಕಾಡುಕೋಳಿ ಗರಿ ಬಳಸಬಹುದಾ?

ಇದನ್ನು ಎಲ್ಲರೂ ಗಮನ ಕೊಟ್ಟು ಓದಬೇಕು.

ನವಿಲಿನ ಬಾಲದ ಗರಿಗೆ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ದೇಶದೊಳಗೆ ಇಟ್ಟುಕೊಳ್ಳಲು, ಕೊಡಲು ವಿನಾಯಿತಿ ಇದೆ. ತಾನಾಗಿ ಉದುರಿದ ಗರಿ ಮಾತ್ರ. ಹೊರದೇಶಕ್ಕೆ ಕಳಿಸುವಂತಿಲ್ಲ. ಹಾಗಾಗಿ ನವಿಲುಗರಿ ಇರುವ ಫ್ಲೈಯನ್ನು ವಿದೇಶದ ಗೆಳೆಯರಿಗೆ ಅಂಚೆಯಲ್ಲಿ ಹಾಕಬೇಡಿ. ಹೊಲದಲ್ಲಿ ಬಿದ್ದದ್ದು ಎತ್ತಿಕೊಳ್ಳಿ. ಜೋಗಿಮಟ್ಟಿ, ರಂಗಯ್ಯನದುರ್ಗದಂಥ ರಕ್ಷಿತ ಕಾಡಿನೊಳಗಿಂದ ಏನನ್ನೂ ತರಬೇಡಿ.

ಬೂದು ಕಾಡುಕೋಳಿ ಹುಂಜದ ಕತ್ತಿನ ಗರಿಯಲ್ಲಿ ಮೇಣದ ಹನಿಯಂಥ ಹೊಳೆಯುವ ಚುಕ್ಕೆ ಇರುತ್ತದೆ. ಜಾಕ್ ಸ್ಕಾಟ್‌ನಂಥ ಹಳೆಯ ಸಾಲ್ಮನ್ ಫ್ಲೈಗಳ ರೆಕ್ಕೆಯ ಬದಿಗೆ ಹಾಕುತ್ತಿದ್ದದ್ದು ಇದನ್ನೇ. ಅದು ನಮ್ಮ ಪಶ್ಚಿಮ ಘಟ್ಟದ ಹಕ್ಕಿ. ಈ ಗರಿಗಾಗಿ ಎಷ್ಟೋ ಹಕ್ಕಿಗಳು ಸತ್ತಿವೆ. ಈಗ ಅದನ್ನು ಬೇಟೆಯಾಡುವುದೂ, ಗರಿ ಮಾರುವುದೂ ಅಪರಾಧ. ಯಾರಾದರೂ ಕೊಡುತ್ತೇನೆ ಅಂದರೂ ಬೇಡ ಅನ್ನಿ. ಕಪ್ಪು ಗರಿಯ ಮೇಲೆ ಕೆನೆಬಣ್ಣದ ನೇಲ್ ಪಾಲಿಶ್‌ನ ಚುಕ್ಕೆ ಇಟ್ಟರೆ ದೂರಕ್ಕೆ ಅದೇ ಕಾಣುತ್ತದೆ. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಂನಿಂದ ಸಾಲ್ಮನ್ ಫ್ಲೈ ಕಟ್ಟುವವನೊಬ್ಬ 299 ಹಕ್ಕಿಗಳ ಚರ್ಮ ಕದ್ದ. ವಿಜ್ಞಾನಕ್ಕೆ ಬೇಕಿದ್ದ, ಮತ್ತೆ ಸಿಗದ ಹಕ್ಕಿಗಳು ಅವು. ಗರಿಯ ಆಸೆ ಅಷ್ಟು ದೂರ ಕರೆದುಕೊಂಡು ಹೋಗುತ್ತದೆ. ನಮ್ಮ ಹವ್ಯಾಸಕ್ಕೆ ಅದು ಬೇಡ.

ಕ್ವಿಲ್ ಗಾರ್ಡನ್ ಮೈ ಸುತ್ತುವಾಗ ಎಳೆ ಮುರಿಯುತ್ತದೆ. ಏನು ಮಾಡಲಿ?

ನವಿಲುಗರಿಯ ಕಣ್ಣಿನ ಭಾಗದ ಎಳೆಯಿಂದ ಹಸಿರು ರೋಮ ತೆಗೆದರೆ ಒಳಗಿನ ಕಡ್ಡಿಯಲ್ಲಿ ಒಂದು ಅಂಚು ಕಪ್ಪು, ಒಂದು ಅಂಚು ತಿಳಿ ಇರುತ್ತದೆ. ಸುತ್ತಿದಾಗ ಹುಳುವಿನ ಹೊಟ್ಟೆಯ ಪಟ್ಟೆ ತಾನಾಗಿ ಬರುತ್ತದೆ. ಕಣ್ಣಿನಿಂದ ಕೆಳಗಿನ ಎಳೆಗಳಲ್ಲಿ ಈ ಪಟ್ಟೆ ಅಷ್ಟು ಸ್ಪಷ್ಟ ಇರುವುದಿಲ್ಲ, ಹಾಗಾಗಿ ಕಣ್ಣಿನದ್ದೇ ಬೇಕು. ರೋಮ ತೆಗೆಯಲು ಪೆನ್ಸಿಲ್ ರಬ್ಬರ್ ಸಾಕು. ಎಳೆಯನ್ನು ಮೇಜಿನ ಮೇಲೆ ಒತ್ತಿ ಹಿಡಿದು, ಬುಡದ ಕಡೆಗೆ ಉಜ್ಜಿ.

ನಮ್ಮ ಬೇಸಿಗೆಯಲ್ಲಿ ಆ ಕಡ್ಡಿ ಒಣಗಿ ಗರಿಗರಿಯಾಗುತ್ತದೆ, ಮುರಿಯುವುದು ಅದಕ್ಕೇ. ಕಟ್ಟುವ ಮೊದಲು ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ. ಕೆಳಗೆ ದಾರದಿಂದ ಸಮನಾದ ಇಳಿಜಾರು ಮಾಡಿಕೊಳ್ಳಿ. ಉಬ್ಬು ತಗ್ಗು ಇದ್ದರೆ ಕಡ್ಡಿ ಜಾರುತ್ತದೆ. ಸುತ್ತಿದ ಮೇಲೆ ಸಣ್ಣ ತಂತಿಯನ್ನು ಎದುರು ದಿಕ್ಕಿನಲ್ಲಿ ಸುತ್ತಿ, ಮೇಲೆ ತೆಳ್ಳಗೆ ವಾರ್ನಿಶ್ ಕೊಡಿ.

ರಾಯಲ್ ಕೋಚ್‌ಮನ್ ನಡುವಿನ ಕೆಂಪು ಪಟ್ಟಿ ಬರೀ ಅಲಂಕಾರಕ್ಕಾ?

ಹುಟ್ಟಿದ್ದು ಅಲಂಕಾರಕ್ಕಲ್ಲ. ಹಳೆಯ ಕೋಚ್‌ಮನ್ ಮೈ ಪೂರ್ತಿ ನವಿಲು ಎಳೆ. ಮೀನಿನ ಹಲ್ಲಿಗೆ ಸಿಕ್ಕಿ ಬೇಗ ಕಿತ್ತುಹೋಗುತ್ತಿತ್ತು. 1878ರಲ್ಲಿ ನ್ಯೂಯಾರ್ಕ್‌ನ ಜಾನ್ ಹೇಲಿ ಗಟ್ಟಿಯಾಗಲಿ ಅಂತ ನಡುವೆ ಕೆಂಪು ರೇಷ್ಮೆ ಸುತ್ತಿದರು. ಆ ಪಟ್ಟಿಯೇ ಆಮೇಲೆ ಅದರ ಗುರುತಾಯಿತು.

ಕಷ್ಟ ಇರುವುದು ಬಿಳಿ ರೆಕ್ಕೆಯಲ್ಲಿ. ಎಡ ರೆಕ್ಕೆಯ ಗರಿಯಿಂದ ಒಂದು ಚೂರು, ಬಲ ರೆಕ್ಕೆಯದರಿಂದ ಅದೇ ಜಾಗದ, ಅದೇ ಅಗಲದ ಇನ್ನೊಂದು ಚೂರು. ಸಾಕಿದ ಬಿಳಿ ಬಾತುಕೋಳಿಯ ಗರಿ ಆಗುತ್ತದೆ. ಎರಡನ್ನೂ ದಂಡಿಯ ಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಬಿಗಿ ಹಿಡಿಯಿರಿ. ದಾರವನ್ನು ಬೆರಳುಗಳ ನಡುವೆ ಸಡಿಲ ಕುಣಿಕೆಯಾಗಿ ದಾಟಿಸಿ, ಆಮೇಲೆ ನೇರ ಕೆಳಕ್ಕೆ ಎಳೆಯಿರಿ. ಪಕ್ಕಕ್ಕೆ ಎಳೆದರೆ ರೆಕ್ಕೆ ಮಡಚಿಕೊಳ್ಳುತ್ತದೆ. ಬೆರಳನ್ನು ಬೇಗ ಬಿಡಬೇಡಿ, ಇನ್ನೂ ಎರಡು ಸುತ್ತು ಆಗಲಿ.

ಜಿಂಕೆ ಕೂದಲು ಬೇಕಾಗುವ ಫ್ಲೈಗಳನ್ನು ಬಿಟ್ಟುಬಿಡಬೇಕಾ?

ಇಲ್ಲಿನ ಜಿಂಕೆ, ಕಡವೆ ಕೂದಲು ಮುಟ್ಟುವಂತಿಲ್ಲ. ಮೇಕೆ ಕೂದಲು ಆಗುವುದಿಲ್ಲ. ಜಿಂಕೆ ಕೂದಲ ಒಳಗೆ ಗಾಳಿ ಇರುತ್ತದೆ, ಅದಕ್ಕೇ ದಾರ ಬಿಗಿದಾಗ ಅರಳಿ ನಿಲ್ಲುತ್ತದೆ. ಮಡ್ಲರ್ ಮಿನೋ ಎಂಬ ಫ್ಲೈಯ ತಲೆಗೆ ಮಾತ್ರ ಒಂದು ದಾರಿ ಇದೆ: ಕುರಿ ಉಣ್ಣೆ. ಉಣ್ಣೆಯ ಚಿಕ್ಕ ಚಿಕ್ಕ ಗುಚ್ಛ ಕಟ್ಟಿ, ಒತ್ತಾಗಿ ತಳ್ಳಿ, ಕತ್ತರಿಯಿಂದ ಆಕಾರ ಕೊಡುವುದು ಹೊರದೇಶದಲ್ಲೂ ಇದೆ. ತೇಲುವುದಿಲ್ಲ, ಮುಳುಗುತ್ತದೆ. ಚಳ್ಳಕೆರೆಯ ಕಂಬಳಿ ಉಣ್ಣೆ ಒರಟು, ಕರಿ-ಕಂದು, ಇದಕ್ಕೆ ತುಂಬಾ ಹೊಂದುತ್ತದೆ.

ನಾವು ಸಸ್ಯಾಹಾರಿಗಳು. ಈ ಹವ್ಯಾಸ ನಮಗೆ ಆಗುತ್ತಾ?

ದಾವಣಗೆರೆಯಲ್ಲಿ ಜಾಸ್ತಿ ಕೇಳುವ ಪ್ರಶ್ನೆ ಇದು. ಮೀನು ಹಿಡಿಯದೆ ಬರೀ ಕಟ್ಟಬಹುದು ಅಂತ ಮೇಲೇ ಹೇಳಿದೆ. ಗರಿಯ ವಿಷಯಕ್ಕೆ ಬಂದರೆ, ಸಾಕಿದ ಕೋಳಿ, ಬಾತು, ಗಿನಿ ಕೋಳಿ ತಾವೇ ಉದುರಿಸಿದ ಗರಿ ಆರಿಸಿ ತರಬಹುದು. ಉಣ್ಣೆ ಕತ್ತರಿಸಿದ್ದು. ರೇಷ್ಮೆಯಲ್ಲಿ ಹುಳು ಸಾಯುತ್ತದೆ, ಅದು ಬೇಡ ಅನ್ನುವವರಿಗೆ ರೇಯಾನ್ ಎಳೆ ಇದೆ. ಕೊಕ್ಕೆಯ ಮೊನೆ ಮುರಿದು ಬರೀ ದಂಡಿಯ ಮೇಲೆ ಕಟ್ಟಿ ಚೌಕಟ್ಟು ಹಾಕಿಸಿದರೂ ಕಲೆಗೆ ಏನೂ ಕಡಿಮೆ ಆಗುವುದಿಲ್ಲ.

ಫ್ಯಾನ್ ಹಾಕಿದರೆ ಗರಿ ಹಾರುತ್ತದೆ, ಹಾಕದಿದ್ದರೆ ಸೆಕೆ. ಬೇಸಿಗೆಯಲ್ಲಿ ಹೇಗೆ?

ಬೆಳಗ್ಗೆ ಆರರಿಂದ ಎಂಟು. ಬೆಳಕೂ ಚೆನ್ನಾಗಿರುತ್ತದೆ. ವಾರ್ನಿಶ್ ಬೇಗ ದಪ್ಪವಾಗುತ್ತದೆ, ಚಿಕ್ಕ ಶೀಶೆಯೇ ಕೊಳ್ಳಿ. ಮಳೆಗಾಲದಲ್ಲಿ ಕೊಕ್ಕೆ ತುಕ್ಕು ಹಿಡಿಯದಂತೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಗರಿ ತಿನ್ನುವ ಹುಳುವಿಗೆ ಬೇವಿನ ಎಲೆ ಒಂದನ್ನೇ ನಂಬಬೇಡಿ. ಗಾಳಿಯಾಡದ ಡಬ್ಬಿ, ಮತ್ತು ಹೊಸ ಗರಿ ಬಂದಾಗಲೆಲ್ಲ ಫ್ರೀಜರ್.

ಈ ಫ್ಲೈಗಳಿಗೆ ನಮ್ಮ ಕೆರೆ ಮೀನು ಬೀಳುತ್ತಾ?

ಬೀಳುತ್ತವೆ. ಸಣ್ಣ ನಿಂಫ್‌ಗೆ ಪುಟ್ಟ ಕೆರೆಮೀನು, ತಿಲಾಪಿಯ ಬರುತ್ತವೆ. ಕಪ್ಪು ವುಲ್ಲಿ ಬಗ್ಗರ್ ಎಂಬ ಫ್ಲೈಗೆ ಕೊರವ ಮೀನು ಬಂದೀತು. ಆದರೆ ನಮ್ಮ ಕೆರೆಗಳಲ್ಲಿ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆದಾರರನ್ನು ಕೇಳದೆ ಗಾಳ ಹಾಕಬೇಡಿ.

ಟ್ರೌಟ್ ಮೇಲೇ ಪರೀಕ್ಷೆ ಮಾಡಬೇಕು ಅನ್ನುವವರು ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಬಹುದು. ಪರವಾನಗಿ ತೆಗೆದುಕೊಳ್ಳಬೇಕು. ನವೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಅಲ್ಲಿ ಟ್ರೌಟ್ ಹಿಡಿಯುವುದು ನಿಷೇಧ, ಮೀನು ಮೊಟ್ಟೆ ಇಡುವ ಕಾಲ.

ಮಕ್ಕಳಿಗೆ ಕಲಿಸಬಹುದಾ?

ಹತ್ತು ವರ್ಷ ದಾಟಿದವರಿಗೆ, ಪಕ್ಕದಲ್ಲಿ ಕೂತು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ ಕೊಡಿ.

ಜಾಕ್ ಸ್ಕಾಟ್ ಕಟ್ಟಲು ಯಾವಾಗ ಕೈ ಹಾಕಬಹುದು?

ಅದಕ್ಕೂ ಮೊದಲು ಪಾರ್ಮಚೀನ್ ಬೆಲ್ ಕಟ್ಟಿ. ಅಮೆರಿಕದ ಮೇನ್ ರಾಜ್ಯದ ಸರೋವರವೊಂದರ ಹೆಸರಿನ ಹಳೆಯ ಟ್ರೌಟ್ ಫ್ಲೈ. ಹಳದಿ ಮೈ, ಕೆಂಪು-ಬಿಳಿ ರೆಕ್ಕೆ. ಬೇರೆ ಬೇರೆ ಬಣ್ಣದ ಎಳೆಗಳನ್ನು ಅಂಚಿಗೆ ಅಂಚು ಹಿಡಿದು ನೇವರಿಸಿದರೆ ಅವುಗಳ ಸಣ್ಣ ಕೊಂಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ಒಂದೇ ಗರಿಯಾಗುತ್ತವೆ. ಎಡದ ಗರಿಗೆ ಎಡದ್ದೇ ಸೇರಬೇಕು, ಬಲಕ್ಕೆ ಬಲದ್ದೇ. ಬಾತುಕೋಳಿಯ ಬಿಳಿ ಗರಿಗೆ ಕೆಂಪು ಬಣ್ಣ ಹಾಕಿಕೊಂಡರೆ ಸಾಮಗ್ರಿ ಮುಗಿಯಿತು. ಬಣ್ಣದ ನೀರಿಗೆ ಸ್ವಲ್ಪ ವಿನೆಗರ್ ಹಾಕಿ, ಕುದಿಸಬೇಡಿ. ಕುದಿಸಿದರೆ ಗರಿ ಸುರುಟಿಕೊಂಡು ಕೊಂಡಿಗಳು ಕೆಡುತ್ತವೆ. ಈ ಜೋಡಿ ರೆಕ್ಕೆ ಬಿರುಕಿಲ್ಲದೆ ಸತತವಾಗಿ ಬರತೊಡಗಿದ ಮೇಲೆ ಜಾಕ್ ಸ್ಕಾಟ್‌ಗೆ ಬನ್ನಿ. ಅದರಲ್ಲೂ ಮೊದಲು ಅರ್ಧ ಹಳದಿ, ಅರ್ಧ ಕಪ್ಪು ರೇಷ್ಮೆಯ ಮೈಯನ್ನಷ್ಟೇ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ. ರೆಕ್ಕೆ ಆಮೇಲೆ.